ಪೂರ್ವ ಕಾಣದ ಊರು

ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಿದ್ದರೆ ಈ ಪೀಕಲಾಟವೇ ಇರುತ್ತಿರಲಿಲ್ಲ. ಸೀರೆಯುಟ್ಟು ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತಿದ್ದ ಪಲ್ಲವಿ, ಯಾವತ್ತಿನ ಅಭ್ಯಾಸದಂತೆ ಅದನ್ನು ತನಗೂ ಗಂಡನಿಗೂ ನಡುವೆ ತುರುಕಿಕೊಂಡಿದ್ದಳು. ಸ್ಕೂಟರು ಹಳ್ಳಕ್ಕೆ ಬಿದ್ದೆದ್ದಾಗಲೆಲ್ಲ ಬ್ಯಾಗಿನ ಒಳಜೇಬಿನಲ್ಲಿದ್ದ ಬೀಗದಕೈ ರವಿಕುಮಾರನ ಬೆನ್ನಿಗೆ ಒತ್ತುತ್ತಿತ್ತು. ಹಳೇ ಕಾಲದ ಉದ್ದನೆಯ ಕಬ್ಬಿಣದ ಕೈ. ಅದನ್ನು ಕರ್ಚೀಫಿನಲ್ಲಿ ಸುತ್ತಿ, ಕರ್ಚೀಫನ್ನು ಮಾತ್ರೆಗಳ ಕವರಿನೊಳಗಿಟ್ಟು, ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿದ್ದಳು. ಇಷ್ಟೆಲ್ಲ ಮಾಡಿದ ಮೇಲೂ ಅದು ಅವನ ಬೆನ್ನುಮೂಳೆಗೆ ತಾಗುತ್ತಿದೆ, ಅವನಿಗೆ ಗೊತ್ತಾಗುತ್ತಿದೆ, ಈಗ ಸ್ಕೂಟರು ನಿಲ್ಲಿಸಿ ತಿರುಗಿ ಕೇಳುತ್ತಾನೆ ಎಂದು ಅವಳು ಕಾಯುತ್ತಿದ್ದಳು. ಅವನು ಕೇಳಲಿಲ್ಲ. ಕೇಳುವ ಜಾಯಮಾನದವನೇ ಅಲ್ಲ. ಫ್ಯಾಕ್ಟರಿಯಲ್ಲಿ ಮೆಷಿನ್ನಿನ ಸದ್ದಿಗೆ ಹೊಂದಿಕೊಂಡ ಮನುಷ್ಯ. ಮನೆಯಲ್ಲಿ ಯಾರೂ ಮಾತಾಡದಿದ್ದರೆ ಅದನ್ನೇ ಸುಖ ಎಂದುಕೊಳ್ಳುತ್ತಾನೆ. ಅವನ ಕುತ್ತಿಗೆಯ ಹಿಂದೆ ಬೆವರು ಇಳಿದು ಅಂಗಿಯ ಕಾಲರು ಕಪ್ಪಾಗಿತ್ತು. ಆ ಕುತ್ತಿಗೆಯನ್ನು ನೋಡುತ್ತ, ಇವನ ಮೇಲೆ ತನಗಿರುವುದು ಸಿಟ್ಟೋ ಬೇಸರವೋ ಎಂದು ತಿಳಿಯದೆ ಅವಳು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿದಳು.

ಭಾನುವಾರ. ಅತ್ತೆಮನೆಗೆ, ಸೋಸಲೆಗೆ, ಊಟಕ್ಕೆ ಕರೆದಿದ್ದರು. ಬರೀ ಊಟಕ್ಕೆ ಕರೆದಿದ್ದರೆ ಅತ್ತೆ ಮಂಚಮ್ಮ ಫೋನಿನಲ್ಲಿ ‘ಮಾತಾಡೋದದೆ’ ಎಂದು ಸೇರಿಸುತ್ತಿರಲಿಲ್ಲ. ನಾಳೆ ಕಛೇರಿಯ ವೇಳೆಯೊಳಗೆ ಪಲ್ಲವಿ ಮಡಿಕೇರಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಹಾಜರಾಗಬೇಕು. ಹಾಜರಾದರೆ ಹಿರಿಯ ಲ್ಯಾಬ್ ಟೆಕ್ನಿಷಿಯನ್. ಆಗದಿದ್ದರೆ ಬಡ್ತಿ ಇನ್ನೊಬ್ಬರ ಪಾಲು. ನಂಜನಗೂಡಿನ ಅದೇ ಲ್ಯಾಬು, ಅದೇ ಕಿಟಕಿ, ಕಿಟಕಿಯಾಚೆ ಅದೇ ಹೆಂಗಸರ ಸಾಲು. ಬೇಡ ಅನ್ನುತ್ತಾರೆ, ಅನ್ನಲಿ. ‘ಗಂಡನ್ನ ಬುಟ್ಬುಟ್ಟು ಎಣ್ಣೆಂಗ್ಸು ಒಬ್ಬಳೇ ಓಗದುಂಟಾ’ ಅನ್ನುತ್ತಾಳೆ ಅತ್ತೆ. ಅದಕ್ಕೆ ಏನು ಹೇಳಬೇಕೆಂದು ಅವಳು ಒಂದು ವಾರದಿಂದ ಪಾತ್ರೆ ತೊಳೆಯುವಾಗ, ಸೂಜಿ ಚುಚ್ಚುವಾಗ, ಸ್ನಾನದ ಮನೆಯಲ್ಲಿ, ಒಳಗೊಳಗೇ ಅಭ್ಯಾಸ ಮಾಡಿದ್ದಳು. ಒಂದೊಂದು ಮಾತಿಗೂ ಚುರುಕು ಕೊಟ್ಟಿದ್ದಳು. ವಿಚಿತ್ರವೆಂದರೆ, ಹೋಗಬೇಕೋ ಬೇಡವೋ ಎಂಬುದನ್ನು ಮಾತ್ರ ಅವಳಿನ್ನೂ ತೀರ್ಮಾನಿಸಿರಲಿಲ್ಲ.

ಕಪಿಲೆ ದಡ ಮುಚ್ಚಿ ಹರಿಯುತ್ತಿತ್ತು. ನಂಜನಗೂಡಿನಲ್ಲಿ ಈ ತಿಂಗಳು ಕೊಡೆ ಬಿಚ್ಚುವಂಥ ಒಂದು ಮಳೆ ಬಿದ್ದಿಲ್ಲ. ವೈನಾಡಿನಲ್ಲಿ ಹೊಯ್ದದ್ದು ಜಲಾಶಯ ತುಂಬಿ ಇಲ್ಲಿ ಹದಿನಾರು ಕಾಲು ಮಂಟಪದ ಕಂಬಗಳನ್ನು ನುಂಗಿತ್ತು. ಮೇಲೆ ಬೆಂಕಿಯಂಥ ಬಿಸಿಲು, ಕೆಳಗೆ ಯಾರದೋ ಊರಿನ ಮಳೆಯ ಕೆಂಪು ನೀರು. ಜನ ಸೇತುವೆಯ ಮೇಲೆ ನಿಂತು ಮೊಬೈಲಿನಲ್ಲಿ ಪ್ರವಾಹ ಹಿಡಿದುಕೊಳ್ಳುತ್ತಿದ್ದರು. ಮಡಿಕೇರಿಯಲ್ಲಿ ಅವಳು ಮೂರು ದಿನ ಇದ್ದಳು. ಆಸ್ಪತ್ರೆ ನೋಡಿ ಬರುತ್ತೇನೆಂದು ಹೇಳಿ ಹೋಗಿದ್ದಳು, ಲಾಡ್ಜಿನಲ್ಲಿ ಇಳಿದಿದ್ದಳು. ಮೂರು ದಿನವೂ ಬೆಳಗಾಯಿತೆಂದು ಗಡಿಯಾರ ಹೇಳಿತೇ ಹೊರತು ಆಕಾಶ ಹೇಳಲಿಲ್ಲ. ಹೋಟೆಲಿನ ಮೇಜಿನ ಮೇಲೆ ಉಪ್ಪು ನೀರಾಗಿ ಕೂತಿತ್ತು. ಒಗೆದು ಹಾಕಿದ ಒಳಬಟ್ಟೆ ಮೂರನೇ ದಿನಕ್ಕೂ ಒಣಗದೆ, ಅದನ್ನು ಹಾಗೇ ಹಸಿಹಸಿಯಾಗಿ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಬಂದಾಗ ಅವಳಿಗೆ ಅಳು ಬಂದಿತ್ತು. ಲ್ಯಾಬಿನಲ್ಲಿ ಸ್ಲೈಡಿನ ಮೇಲೆ ಬಳಿದ ರಕ್ತವೂ ಒಣಗುವುದಿಲ್ಲ. ಟೇಬಲ್ ಲ್ಯಾಂಪಿನ ಕೆಳಗೆ ಗಾಜಿನ ತುಂಡುಗಳನ್ನು ಸಾಲಾಗಿ ಇಟ್ಟು ಅಲ್ಲಿನ ಹುಡುಗಿ ಕಾಯುತ್ತ ಕೂತಿದ್ದಳು. ನಂಜನಗೂಡಿನಲ್ಲಿ ಕಿಟಕಿಯ ಹತ್ತಿರ ಇಟ್ಟು ಈ ಕಡೆ ತಿರುಗುವಷ್ಟರಲ್ಲಿ ಒಣಗುತ್ತದೆ. ‘ಮೇಡಂ, ನೀವು ಬಿಸಿಲಿನವರು, ಇಲ್ಲಿ ತಲೆ ಕೆಡುತ್ತದೆ ನಿಮಗೆ’ ಎಂದು ಆ ಹುಡುಗಿ ನಕ್ಕಿದ್ದಳು. ನಗುವಿನಲ್ಲಿ ಸ್ನೇಹವೇನೂ ಇರಲಿಲ್ಲ.

ಆ ಊರನ್ನು ಅವಳು ದ್ವೇಷಿಸಿದಳು. ಇದರಲ್ಲಿ ಸಂಶಯವಿರಲಿಲ್ಲ. ಆದರೂ ಎರಡನೆಯ ದಿನ ಸಂಜೆ ರಾಜಾಸೀಟಿನ ಹತ್ತಿರ ಮಂಜು ಎಷ್ಟು ದಟ್ಟವಾಗಿ ಇಳಿಯಿತೆಂದರೆ, ಕಣಿವೆ ನೋಡಲು ದುಡ್ಡು ಕೊಟ್ಟು ಬಂದವರೆಲ್ಲ ಬೈದುಕೊಳ್ಳುತ್ತ ಹೊರಟುಹೋದರು. ಅವಳು ನಿಂತೇ ಇದ್ದಳು. ಚಾಚಿದ ತನ್ನ ಕೈ ತನಗೇ ಕಾಣುತ್ತಿರಲಿಲ್ಲ. ಯಾರೋ ಹೆಂಗಸು ಅವಳ ಪಕ್ಕದಲ್ಲೇ ಹಾದುಹೋದಳು. ಕೊಡೆಯ ತುದಿ ತಾಗಿತು, ಮುಖ ಕಾಣಲಿಲ್ಲ. ನಂಜನಗೂಡಿನಲ್ಲಾಗಿದ್ದರೆ ಮುಖ ಕಾಣುವ ಮೊದಲೇ ಪ್ರಶ್ನೆ ಬರುತ್ತಿತ್ತು. ‘ಏನ್ ಪಲ್ಲವಿ, ಏನೂ ವಿಶೇಷ ಇಲ್ವಾ?’ ಬಸ್ ಸ್ಟ್ಯಾಂಡಿನಲ್ಲಿ, ತರಕಾರಿ ಅಂಗಡಿಯಲ್ಲಿ, ಲ್ಯಾಬಿನ ಕಿಟಕಿಯಲ್ಲಿ. ಆ ಬಿಸಿಲಿನಲ್ಲಿ ಎಲ್ಲರ ಕಣ್ಣೂ ನೆಟ್ಟಗೆ ಹೊಟ್ಟೆಗೆ ಬರುತ್ತವೆ. ಇವರಿಗೆಲ್ಲ ದಿನಕ್ಕೆ ಹತ್ತಾರು ಗರ್ಭ ಪರೀಕ್ಷೆ ಮಾಡಿಕೊಡುವವಳು ತಾನೇ. ಎರಡು ಗೆರೆ ಮೂಡಿದರೆ ಹೊರಗೆ ಬಂದು ಹೇಳಬೇಕು, ಆ ಹೆಂಗಸು ಖುಷಿಪಟ್ಟು ಆಮೇಲೆ ಇವಳ ಮುಖ ನೋಡಿ ಖುಷಿಯನ್ನು ಮುಚ್ಚಿಟ್ಟುಕೊಳ್ಳಬೇಕು. ಆ ಮುಚ್ಚಿಟ್ಟುಕೊಳ್ಳುವುದು ಇದೆಯಲ್ಲ, ಅದು ಕೆನ್ನೆಗೆ ಹೊಡೆದ ಹಾಗಿರುತ್ತಿತ್ತು.

ಮನೆ ನೋಡಿದ್ದು ಮೂರನೆಯ ದಿನ. ಅದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯ ಹಿಂದಿನ ಏರಿನಲ್ಲಿ, ತಗಡಿನ ಮುಂಚಾಚು ಇಳಿಸಿದ ಎರಡು ಕೋಣೆಯ ಮಹಡಿ ಮನೆ. ಕೆಳಗಿದ್ದ ಮನೆಯೊಡತಿ, ಸ್ವೆಟರಿನ ಮೇಲೆ ಶಾಲು ಹೊದ್ದ ಮುದುಕಿ, ಜಾತಿ ಕೇಳಲಿಲ್ಲ. ನಂಜನಗೂಡಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು ಅದು ಎಂಥ ಮಾತು ಎಂದು. ‘ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಬರುತ್ತದೆ, ಮೊದಲೇ ಹೇಳಿದ್ದೇನೆ. ಆಮೇಲೆ ನನ್ನ ಹತ್ತಿರ ಬಂದು ಅಳಬೇಡಿ’ ಎಂದಳು. ಅಷ್ಟು ಹೇಳಿದವಳು, ಹಾಲುಕ್ಕಿಸದೆ ಮಾತ್ರ ಬೀಗದಕೈ ಕೊಡುವುದಿಲ್ಲವೆಂದು ತಾನೇ ಒಂದು ಪ್ಯಾಕೆಟ್ ಹಾಲು, ಒಂದು ಪಾತ್ರೆ, ತನ್ನ ಕರೆಂಟ್ ಒಲೆ ಎಲ್ಲವನ್ನೂ ಮೇಲಕ್ಕೆ ತಂದಿಟ್ಟಳು. ‘ಗಂಡ ಬರಲಿಲ್ಲವಾ? ಇದು ಇಬ್ಬರೂ ಸೇರಿ ಮಾಡುವುದಲ್ಲವಾ?’ ‘ಶಿಫ್ಟು’ ಎಂದಳು ಪಲ್ಲವಿ. ಮುದುಕಿ ಅವಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಮೆಟ್ಟಿಲಿಳಿದು ಹೋದಳು.

ಅಲ್ಲಿಗೆ ಅವಳು ನಕ್ಕುಬಿಡಬೇಕಿತ್ತು. ಅವಳ ಮಾವ ದೇವಯ್ಯ ಮೇಷ್ಟ್ರು ದೀಕ್ಷೆ ತೆಗೆದುಕೊಂಡು, ಮನೆಯ ದೇವರ ಗೂಡಿನಲ್ಲಿ ಬುದ್ಧನನ್ನು ಕೂರಿಸಿ, ಎಡೆ, ತಿಥಿ, ಹಾಲುಕ್ಕಿಸುವುದು ಎಲ್ಲವನ್ನೂ ಗುಡಿಸಿ ಹೊರಗೆ ಹಾಕಿದ ಮನುಷ್ಯ. ಅದೂ ಅಲ್ಲದೆ ಇದು ಆಷಾಢ. ನಂಬುವವರು ಕೂಡ ಈ ತಿಂಗಳಲ್ಲಿ ಹೊಸ ಮನೆಗೆ ಕಾಲಿಡುವುದಿಲ್ಲ. ಆದರೆ ಪಲ್ಲವಿ ಪಾತ್ರೆಯನ್ನು ಸೆರಗಿನಲ್ಲಿ ಒರೆಸಿದಳು. ಒಲೆಯನ್ನು ಪೂರ್ವಕ್ಕೆ ಇಡಬೇಕಲ್ಲ ಎಂದು ಕಿಟಕಿಯಾಚೆ ನೋಡಿದಳು. ಎಲ್ಲ ಕಡೆಯೂ ಒಂದೇ ಬಿಳುಪು. ಅಂದಾಜಿನ ಮೇಲೆ ಒಂದು ಮೂಲೆಗೆ ಇಟ್ಟಳು. ಹಾಲು ಬಿಸಿಯಾಗಿ, ಅಂಚಿನಲ್ಲಿ ನೊರೆ ಕಟ್ಟಿ, ಮೆಲ್ಲಗೆ ಎದ್ದು ಕಂಠದ ತನಕ ಬಂತು. ಅವಳ ಕೈಗಳು ತಮ್ಮಷ್ಟಕ್ಕೆ ತಾವೇ ಮುಗಿದುಕೊಂಡಿದ್ದವು. ಇನ್ನೇನು ಅಂಚು ದಾಟಬೇಕು, ಎಲ್ಲೋ ಗಾಳಿಗೆ ಕೊಂಬೆ ಬಿದ್ದ ಸದ್ದು, ಕರೆಂಟು ಹೋಯಿತು. ಹಾಲು ಒಂದು ಕ್ಷಣ ಹಾಗೇ ನಿಂತು, ಆಮೇಲೆ ಸದ್ದಿಲ್ಲದೆ ಕೆಳಕ್ಕೆ ಕೂತುಕೊಂಡಿತು. ಅವಳು ಕಾದಳು. ಕತ್ತಲಾದ ಕೋಣೆಯಲ್ಲಿ ತಗಡಿನ ಮೇಲೆ ಮಳೆ ಬಡಿಯುವುದನ್ನು ಕೇಳುತ್ತ ಕಾದಳು. ಕರೆಂಟು ಬರಲಿಲ್ಲ, ಬಸ್ಸಿನ ಹೊತ್ತಾಯಿತು. ಕೊನೆಗೆ ಆ ಹಾಲನ್ನು ನಿಂತಲ್ಲೇ ಪಾತ್ರೆಯಿಂದಲೇ ಕುಡಿದು, ಕೆನೆ ಬಾಯಿಗೆ ಸಿಕ್ಕಿ, ಒರೆಸಿಕೊಂಡು ಕೆಳಗಿಳಿದಳು. ಮುದುಕಿ ಮೇಣದಬತ್ತಿ ಹಿಡಿದು ಬೀಗದಕೈ ಕೊಟ್ಟಳು. ಉಕ್ಕಿತಾ ಎಂದು ಕೇಳುವುದನ್ನು ಮರೆತಳು. ಉಕ್ಕದ ಹಾಲಿನ ಮನೆ ತನ್ನದೋ ಅಲ್ಲವೋ ಎಂಬ ಪ್ರಶ್ನೆ ವಿಜ್ಞಾನ ಓದಿದ ತನ್ನನ್ನು ಹೀಗೆ ಕಾಡುತ್ತಿದೆಯಲ್ಲ ಎಂದು ಅವಳಿಗೆ ಅವತ್ತಿನಿಂದ ನಾಚಿಕೆ.

ಮದುವೆಯಾದ ಹೊಸದರಲ್ಲಿ ನಂಜನಗೂಡಿನ ಮನೆಗೆ ಹಾಲುಕ್ಕಿಸಿದ್ದೂ ಮಾವನಿಗೆ ಗೊತ್ತಾಗದ ಹಾಗೆಯೇ. ಅವಳಿಗಿಂತ ರವಿಕುಮಾರನಿಗೇ ಅದರ ಮೇಲೆ ಆಸೆ. ಹಾಲು ಪೂರ್ವಕ್ಕೇ ಉಕ್ಕಿತೆಂದು ಅವನು ಅಡಿಗೆಮನೆಯಲ್ಲಿ ಚಪ್ಪಾಳೆ ತಟ್ಟಿ ಕುಣಿದಿದ್ದ. ಕುಣಿದಿದ್ದ ಎಂದರೆ ಈಗ ಯಾರೂ ನಂಬುವುದಿಲ್ಲ. ಪೂರ್ವಕ್ಕೇ ಉಕ್ಕಿತ್ತು, ಏನಾಯಿತು? ಮಗುವಿಗಾಗಿ ಕೆಲವು ವರ್ಷ ಕಾದು, ಇಂಥದೇ ಒಂದು ಭಾನುವಾರ, ಲ್ಯಾಬಿನಲ್ಲಿ ಯಾರೂ ಇಲ್ಲದಾಗ, ಅವನು ಪರೀಕ್ಷೆಗೆಂದು ಅಂಗಿಯ ಒಳಜೇಬಿನಲ್ಲಿ ತನ್ನ ವೀರ್ಯದ ಸಣ್ಣ ಬಾಟಲಿ ತಂದ. ಮೈಶಾಖಕ್ಕೆ ಅದಿನ್ನೂ ಬೆಚ್ಚಗಿತ್ತು. ಅವನನ್ನು ಟೀ ಕುಡಿದು ಬನ್ನಿ ಎಂದು ಕಳಿಸಿ ಅವಳು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಳು. ಈ ಮೂಲೆಯಿಂದ ಆ ಮೂಲೆಯ ತನಕ ನೋಡಿದಳು. ಇನ್ನೊಂದು ಸ್ಲೈಡು ಮಾಡಿ ನೋಡಿದಳು. ಏನೂ ಇರಲಿಲ್ಲ. ಒಂದೇ ಒಂದು ಚಲಿಸುವಂಥದು ಇರಲಿಲ್ಲ. ಅಷ್ಟರಲ್ಲಿ ಅವನು ಅವಳಿಗೂ ಒಂದು ಟೀ ಪಾರ್ಸಲ್ ಕಟ್ಟಿಸಿಕೊಂಡು ಬಂದು ಬಾಗಿಲಲ್ಲಿ ನಿಂತ. ಆ ಕವರನ್ನು ಎರಡು ಬೆರಳಲ್ಲಿ ಹಿಡಿದು ನಿಂತ ರೀತಿಗೆ ಅವಳ ಕರುಳು ಕಿತ್ತು ಬಂತು. ‘ಎಲ್ಲಾ ಸರಿಯಾಗಿದೆ, ನಿಮ್ದೇನೂ ತೊಂದ್ರೆ ಇಲ್ಲ’ ಎಂದುಬಿಟ್ಟಳು.

ಅದನ್ನು ಕರುಣೆ ಎಂದು ಮೊದಮೊದಲು ಕರೆದುಕೊಂಡಳು. ಆಮೇಲೆ ಆ ಹೆಸರು ಸರಿ ಬರಲಿಲ್ಲ. ಅವನಿಗೆ ತೊಂದರೆಯಿಲ್ಲ ಎಂದಮೇಲೆ ತೊಂದರೆ ಇವಳದೇ ಆಯಿತು. ಅತ್ತೆ ಎಲ್ಲೆಲ್ಲಿಂದಲೋ ಬೇರು ತಂದು ಅರೆದು ಕೊಟ್ಟಳು, ಬೆಳಗಿನ ಹೊತ್ತು ಬರೀ ಹೊಟ್ಟೆಗೆ ಆ ಕಹಿಯನ್ನು ಇವಳು ಕುಡಿದಳು, ಕುಡಿಯುವಾಗ ಗಂಡ ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದ. ಅತ್ತೆ ಬೈದಾಗಲೆಲ್ಲ ಅವಳಿಗೆ ನೋವಿನ ಜೊತೆಗೇ ಸಣ್ಣದೊಂದು ಸುಖವೂ ಆಗುತ್ತಿತ್ತು: ಬಾಯಿಬಿಟ್ಟರೆ ನಿಮ್ಮ ಮಗನ ಮಾನ ನನ್ನ ಕೈಯಲ್ಲಿದೆ, ಬಿಡುತ್ತಿಲ್ಲ, ನೆನಪಿರಲಿ. ಆ ಸುಖದ ಮೇಲೆಯೇ ತಾನು ಇಷ್ಟು ವರ್ಷ ಬದುಕಿದೆ ಎಂದು ಮಂಜಿನಲ್ಲಿ ನಿಂತಾಗ ಅವಳಿಗೆ ಹೊಳೆದಿತ್ತು. ಹೊಳೆದದ್ದು ಚೆನ್ನಾಗಿರಲಿಲ್ಲ.

ಸೋಸಲೆಯಲ್ಲಿ ಮಂಚಮ್ಮ ಅಂಗಳದಲ್ಲೇ ಕೂತು ಕೋಳಿ ಸಾರಿಗೆ ಮಸಾಲೆ ಅರೆಯುತ್ತಿದ್ದಳು. ಮಿಕ್ಸಿ ಇದೆ, ಅದರ ರುಚಿ ಆಗುವುದಿಲ್ಲ. ‘ಬಂದ್ರಾ. ಏನ್ ಬಿಸ್ಲಪ್ಪಾ, ಆಸಾಡ ಅಂತಾರೆ, ಒಂದು ತುಂತ್ರೂ ಇಲ್ಲ’ ಎಂದು ಮಗನಿಗೆ ಹೇಳಿದಳು. ಸೊಸೆಯ ಕೈಯ ಬ್ಯಾಗನ್ನು ಒಂದು ಗಳಿಗೆ ನೋಡಿದಳು. ಪಲ್ಲವಿ ಅದನ್ನು ಕಂಕುಳಿಗೆ ಒತ್ತಿಕೊಂಡಳು. ಒಳಗೆ ದೇವಯ್ಯ ಬುದ್ಧನ ಪಟದ ಕೆಳಗಿನ ಮಂಚದಲ್ಲಿ ಪೇಪರು ಮಡಿಸಿ ಕನ್ನಡಕ ತೆಗೆದರು. ಪೇಪರು ಮಡಿಸಿದರೆಂದರೆ ಭಾಷಣ ಶುರು ಎಂದರ್ಥ. ಅವಳು ಕೂರುವ ಮೊದಲೇ ತನ್ನ ಮೊದಲ ವಾಕ್ಯವನ್ನು ನಾಲಗೆಯ ತುದಿಗೆ ತಂದುಕೊಂಡಳು.

‘ಮಾವ, ನಾನು ಹೇಳೋದು ಏನಂದ್ರೆ—’

‘ಓಗ್ಬೇಕು ಕಣಮ್ಮ,’ ಎಂದರು ದೇವಯ್ಯ. ‘ಅದ್ರಲ್ಲಿ ಯೋಚ್ನೆ ಮಾಡೋದೇನದೆ? ನಮ್ಮಪ್ಪನ ಕಾಲದಲ್ಲಿ ಆಸ್ಪತ್ರೆ ಜಗ್ಲಿ ಮೇಲೆ ಕೂರಕ್ಕೂ ಬುಡ್ತಿರ್ನಿಲ್ಲ ನಮ್ಮನ್ನ. ಇವತ್ತು ನಮ್ಮನೆ ಸೊಸೆ ಒಂದು ಲ್ಯಾಬ್ಗೆ ಯಜಮಾನ್ತಿ ಆಗ್ತಾಳೆ. ಮಳೆ ಬತ್ತದೆ ಅಂತ ಯಾರಾದ್ರೂ ಬಡ್ತಿ ಬುಡ್ತಾರಾ?’

ಪಲ್ಲವಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬಾಗಿಲು ಒಡೆಯಲೆಂದು ಓಡಿಬಂದವಳು ತೆರೆದ ಬಾಗಿಲಿನಿಂದ ಒಳಗೆ ಮುಗ್ಗರಿಸಿದ್ದಳು. ಅವಳ ಚುರುಕು ಮಾತುಗಳೆಲ್ಲ ಒಮ್ಮೆಗೇ ಕೆಲಸವಿಲ್ಲದವಾದವು. ಏನಾದರೂ ಹೇಳಬೇಕಲ್ಲ ಎಂದು, ‘ಅಲ್ಲಿ ತಿಂಗಳುಗಟ್ಲೆ ಸೂರ್ಯನೇ ಕಾಣಲ್ಲ ಮಾವ. ಗುಡ್ಡ ಬೇರೆ ಕುಸಿಯುತ್ತೆ’ ಎಂದಳು. ತನ್ನ ಬಾಯಿಂದ ಬಂದದ್ದನ್ನು ಕೇಳಿ ಅವಳಿಗೇ ಅಸಹ್ಯವಾಯಿತು. ಇದು ಅತ್ತೆ ಹೇಳಬೇಕಿದ್ದ ಮಾತು.

‘ಮಳೆ ಎಲ್ ಬರಕಿಲ್ಲ?’ ಮಂಚಮ್ಮ ಹೊಸ್ತಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು. ‘ಅಲ್ಲೇನ್ ಜನ ಬದುಕಿಲ್ವಾ? ಓಗವ್ವ, ಓಗು. ಇಲ್ಲಿದ್ದು ಏನ್ ಮಾಡೀಯೆ.’

‘ಇವ್ರಿಗೆ ಅಡಿಗೆ...’

‘ನಾನಿಲ್ವಾ? ನಂಜನಗೂಡ್ಗೆ ನಾನ್ ಬತ್ತೀನಿ. ನೀನ್ ಅದುನ್ನೆಲ್ಲ ತಲೆಗಾಕೋಬೇಡ.’

ಎಲ್ಲ ಆಗಲೇ ಗೊತ್ತುಮಾಡಿ ಆಗಿತ್ತು. ಅವಳು ಗಂಡನ ಕಡೆ ನೋಡಿದಳು. ಅವನು ಚಾಪೆಯ ಅಂಚಿನ ಒಂದು ಎಳೆಯನ್ನು ಕೀಳುತ್ತಿದ್ದ. ಊಟಕ್ಕೆ ಕೂತಾಗಲೂ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತಲೆ ಎತ್ತದೆ ನುಂಗಿದ. ಕೋಳಿಯ ತೊಡೆಯ ತುಂಡನ್ನು ಅತ್ತೆ ಇವಳ ತಟ್ಟೆಗೇ ಹಾಕಿದಳು. ಮದುವೆಯಾದ ಮೇಲೆ ಈ ಮನೆಯಲ್ಲಿ ಅವಳಿಗೆ ಆ ತುಂಡು ಬಿದ್ದದ್ದು ಇದೇ ಮೊದಲು. ಬೀಳ್ಕೊಡುವ ನೆಂಟರಿಗೆ ಹಾಕುವ ಹಾಗೆ ಹಾಕಿದಳು. ತಾನು ಇಷ್ಟು ದಿನ ಬಯಸಿದ್ದು ಹೋಗುವುದನ್ನಲ್ಲ, ಇವರು ತಡೆಯುವುದನ್ನು. ತಡೆದರೆ ಜಗಳವಾಡಿ ಹೋಗಬಹುದಿತ್ತು, ಅಥವಾ ಜಗಳವಾಡಿ ಉಳಿದು ಅದನ್ನೂ ಅವರ ಲೆಕ್ಕಕ್ಕೇ ಬರೆಯಬಹುದಿತ್ತು. ಈಗ ಮಳೆಯ ಊರು ಅವಳೊಬ್ಬಳ ಮುಂದೆ ಬಂದು ನಿಂತಿತ್ತು. ಅದರ ಹಸಿ ಗೋಡೆಯ ವಾಸನೆ ಮುದ್ದೆಯ ಮೇಲಿಂದಲೂ ಬರುತ್ತಿತ್ತು.

ಹಿತ್ತಲ ನಲ್ಲಿಯ ಹತ್ತಿರ ಪಾತ್ರೆ ತೊಳೆಯಲು ಕೂತಾಗ ಮಂಚಮ್ಮ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತಳು. ಸ್ವಲ್ಪ ಹೊತ್ತು ಬೂದಿಯನ್ನು ಮುಂದೆ ಸರಿಸಿ ಕೊಡುತ್ತಿದ್ದಳು. ಆಮೇಲೆ, ಯಾರದೋ ಮನೆಯ ವಿಷಯ ಹೇಳುವಂತೆ, ‘ನಾವೇನೂ ನಿನ್ನ ಓಡುಸ್ತಾ ಇಲ್ಲ ಕಣವ್ವ’ ಎಂದಳು. ‘ನಿನ್ ಕೆಲ್ಸ ನಿನ್ಗೆ. ಅವುನ್ಗಿನ್ನೂ ವಯಸ್ಸದೆ. ತಲಕಾಡ್ ಕಡೆ ಒಂದು ಎಣ್ಣದೆ, ತಂದೆ ಇಲ್ಲದ್ದು, ಬಡವ್ರು. ಒಂದು ಮಗ ಆಗ್ಲಿ ಅಂತ ಅಷ್ಟೇಯ. ಮೇಷ್ಟ್ರುಗೆ ಇನ್ನೂ ಏಳಿಲ್ಲ. ನೀನೂ ಬಂದು ಓಗಿ ಮಾಡ್ಕಂಡಿರು, ಯಾರ್ ಬ್ಯಾಡ ಅಂದಾರು.’

ಪಲ್ಲವಿ ಉಜ್ಜಿದ ತಟ್ಟೆಯನ್ನೇ ಮತ್ತೆ ಉಜ್ಜಿದಳು. ನಗು ಬಂತು. ಅದು ನಗುವೇ ಆಗಿತ್ತು, ಹೊಟ್ಟೆಯಿಂದ ಮೇಲಕ್ಕೆ ಬಂದು ಹಲ್ಲಿನ ಹಿಂದೆ ನಿಂತಿತು. ತಲಕಾಡಿನ ಆ ಹುಡುಗಿಯೂ ಬೆಳಗಿನ ಹೊತ್ತು ಬರೀ ಹೊಟ್ಟೆಗೆ ಬೇರು ಕುಡಿಯುತ್ತಾಳೆ. ಅವಳ ಪಕ್ಕದಲ್ಲೂ ಒಬ್ಬ ನೀರಿನ ಲೋಟ ಹಿಡಿದು ನಿಂತಿರುತ್ತಾನೆ. ಈಗ ಹೇಳಿಬಿಡಬೇಕು, ಇಲ್ಲೇ, ಈ ಬೂದಿಯ ಕೈಯಲ್ಲೇ, ಈ ಮುದುಕಿಯ ಮುಖ ಕಪ್ಪಿಡುವುದನ್ನು ಹತ್ತಿರದಿಂದ ನೋಡಬೇಕು.

‘ಆ ಹುಡ್ಗಿಗೆ ಹೇಳಿದ್ದೀರಾ ಅತ್ತೆ?’

‘ಏನ್ನ?’

‘ಏನಿಲ್ಲ’ ಎಂದು ತಟ್ಟೆಯನ್ನು ಬೋರಲು ಹಾಕಿದಳು. ಹೇಳಬೇಕಾದದ್ದು ಇವಳಿಗಲ್ಲ.

ವಾಪಸು ಹೊರಟಾಗ ಬಿಸಿಲು ಇಳಿಮುಖವಾಗಿತ್ತು. ದೇವಯ್ಯ ತಮ್ಮ ಕಪ್ಪು ಕೊಡೆಯನ್ನು ತಂದು ‘ಇಟ್ಕೋಮ್ಮ, ಇಲ್ಲಿ ನಂಗ್ಯಾಕೆ’ ಎಂದು ಕೊಟ್ಟರು. ಅವರ ಕಣ್ಣಿನಲ್ಲಿ ನಿಜವಾದ ಹೆಮ್ಮೆ ಇತ್ತು. ಈ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಅವರಿಗೊಬ್ಬರಿಗೇ ಗೊತ್ತಿರಲಿಲ್ಲ. ಅವರ ಮೇಲೂ ಅವಳಿಗೆ ಸಿಟ್ಟು ಬಂತು. ನರಸೀಪುರದ ಸೇತುವೆ ದಾಟಿದ ಮೇಲೆ ರವಿಕುಮಾರ್ ಏನೂ ಹೇಳದೆ ಸಂಗಮದ ಕಡೆಗೆ ತಿರುಗಿಸಿದ. ಮೆಟ್ಟಿಲುಗಳು ಅರ್ಧ ಮುಳುಗಿದ್ದವು. ಅಂಗಡಿಯಿಂದ ಎರಡು ಟೀ ತಂದು ಒಂದನ್ನು ಅವಳ ಪಕ್ಕದ ಕಲ್ಲಿನ ಮೇಲಿಟ್ಟ. ಕಾವೇರಿ ಒಂದು ಬಣ್ಣ, ಕಪಿಲೆ ಒಂದು ಬಣ್ಣ. ಎರಡೂ ಸ್ವಲ್ಪ ದೂರ ಜಗಳವಾಡುತ್ತ ಹೋಗಿ ಆಮೇಲೆ ಬೆರೆಯುತ್ತಿದ್ದವು. ಕೊಡಗಿನಲ್ಲಿ ಅವಳನ್ನು ನೆನೆಸಿದ ಮಳೆಯೂ ಇದರಲ್ಲಿ ಇದ್ದೀತು.

‘ಆ ಕೀ ಎಲ್ಲೀದು ಅಂತ ನಾನ್ ಕೇಳಕಿಲ್ಲ’ ಎಂದ ಅವನು, ನೀರನ್ನೇ ನೋಡುತ್ತ.

ಅವಳು ಎತ್ತಿದ್ದ ಟೀಯನ್ನು ಮತ್ತೆ ಕಲ್ಲಿನ ಮೇಲಿಟ್ಟಳು.

‘ನೀನು ಬಂದ ದಿನ್ವೇ ಕಂಡೆ. ತಲೆನೋವು ಅಂತ ಮಾತ್ರೆಗೆ ಬ್ಯಾಗಲ್ಲಿ ಕೈ ಆಕ್ದೆ. ಅವ್ಳು ಅಲ್ಲಿ ಮನೆ ಮಾಡವ್ಳೆ ಅಂತ ಅವ್ವಂಗೆ ಏಳ್ದೆ.’

‘ತಲಕಾಡಿನ ಹುಡುಗೀನೂ ನೀವೇ ಹೇಳಿದ್ದಾ?’

‘ಅದು ಅವ್ವಂದು.’

‘ನೀವೇನಂದ್ರಿ?’

ಅವನು ಏನೂ ಅನ್ನಲಿಲ್ಲ. ಅವ್ವನಿಗೂ ಹೀಗೇ ಏನೂ ಅಂದಿರಲಿಕ್ಕಿಲ್ಲ. ಅವನ ಈ ಏನೂ ಅನ್ನದಿರುವುದರ ಮೇಲೆ ಎಷ್ಟು ಜನ ಏನೇನು ಕಟ್ಟಿಕೊಂಡರು, ತಾನೂ ಸೇರಿ. ಅವಳಿಗೆ ರೇಗಿಹೋಯಿತು. ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡದ್ದನ್ನು ಕಲ್ಲು ಎಸೆದ ಹಾಗೆ ಎಸೆದಳು.

‘ಅವತ್ತು ಸ್ಲೈಡಲ್ಲಿ ಏನೂ ಇರ್ಲಿಲ್ಲ. ಎರಡು ಸಲ ನೋಡ್ದೆ. ಒಂದೂ ಇರ್ಲಿಲ್ಲ. ಸರಿಯಾಗಿದೆ ಅಂತ ನಾನು ಸುಳ್ಳು ಹೇಳ್ದೆ.’

ಅವನು ಟೀ ಮುಗಿಸಿದ. ಪೇಪರ್ ಲೋಟವನ್ನು ಮಡಿಸಿ, ಮತ್ತೆ ಮಡಿಸಿ, ಮುಷ್ಟಿಯಲ್ಲಿ ಇಟ್ಟುಕೊಂಡ.

‘ಗೊತ್ತು’ ಎಂದ.

‘ಏನ್ ಗೊತ್ತು?’

‘ಮೈಸೂರಲ್ಲಿ ಮಾಡುಸ್ದೆ. ಅದೇ ವರ್ಸ. ಅವತ್ತು ನೀನು ಟೀ ಮುಟ್ನಿಲ್ಲ. ನಿನ್ ಮುಖ ನೋಡೇ ಅನ್ಮಾನ ಬಂತು.’ ನೀರಿನ ಕಡೆಗೇ ಮುಖ ಮಾಡಿ, ‘ನೀನು ಏಳ್ನಿಲ್ಲ. ನಾನೂ ಏಳ್ನಿಲ್ಲ. ಇಂಗೇ ಓಯ್ತದೆ ಅನ್ಕಂಡಿದ್ದೆ’ ಎಂದ.

ಅವಳು ಅವನನ್ನೇ ನೋಡಿದಳು. ಇವನಿಗೆ ಗೊತ್ತಿತ್ತು. ಬೇರು ಅರೆಯುವ ಸದ್ದು ಕೇಳುತ್ತ ಹಲ್ಲುಜ್ಜುತ್ತಿದ್ದವನಿಗೆ ಗೊತ್ತಿತ್ತು. ಬಸವಳಿದು ವಾಂತಿ ಮಾಡಿಕೊಂಡು ಎದ್ದಾಗ ಬೆನ್ನು ಸವರಿದ ಕೈಗೆ ಗೊತ್ತಿತ್ತು. ಅವನ ಮಾನ ತನ್ನ ಕೈಯಲ್ಲಿದೆ ಎಂದು ಅವಳು ಸುಖಪಡುತ್ತಿದ್ದಾಗ, ಆ ಮಾನವನ್ನು ಕಾಯಲು ಅವನು ಅವಳನ್ನೇ ಮುಂದೆ ನಿಲ್ಲಿಸಿ ಹಿಂದೆ ಲೋಟ ಹಿಡಿದು ನಿಂತಿದ್ದ. ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ, ಟೀ ಅಂಗಡಿಯವನು ನೋಡುತ್ತಿದ್ದ. ಆಮೇಲೆ, ಅವಳಿಗೇ ಆಶ್ಚರ್ಯವಾಗುವಂತೆ, ಸಿಟ್ಟು ಎದ್ದಷ್ಟೇ ಬೇಗ ಕೂತುಕೊಂಡಿತು. ಇಷ್ಟು ವರ್ಷದ ಜಂಬ, ಸಂಕಟ, ತ್ಯಾಗ ಎಲ್ಲವೂ ಒಟ್ಟಿಗೇ ಕೂತುಕೊಂಡವು. ಉಳಿದದ್ದು ಒಂದು ದಣಿವು.

‘ಆ ಹುಡ್ಗಿ ಮನೆಗೆ ನೀವೇ ಹೋಗಿ ಹೇಳ್ಬೇಕು. ಇಲ್ದಿದ್ರೆ ನಾನು ಮಾವನಿಗೆ ಹೇಳ್ತೀನಿ.’

‘ಏಳ್ತೀನಿ.’

‘ಅವ್ವನಿಗೂ.’

‘ಹ್ಞೂಂ.’ ಅವನು ಮೊದಲ ಸಲ ಅವಳ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು. ಬಂದದ್ದು ಅವಳು ಎಣಿಸಿರದ ಪ್ರಶ್ನೆ. ‘ಅಲ್ಲಿ... ಆಲು ಉಕ್ಸುದ್ಯಾ?’

‘ಹ್ಞೂಂ.’

‘ಒಬ್ಳೇಯಾ?’

‘ಒಬ್ಳೇ.’

ಇಷ್ಟೆಲ್ಲ ಕೇಳಿಯೂ ಅಲುಗದ ಅವನ ಮುಖ ಈಗ ಕುಸಿಯಿತು. ಮಕ್ಕಳಿಲ್ಲದ್ದಕ್ಕೆ, ಬೀಗದಕೈಗೆ, ಸುಳ್ಳಿಗೆ ಯಾವುದಕ್ಕೂ ಕುಸಿಯದವನು ಇದಕ್ಕೆ ಕುಸಿದ. ಗಂಡ ಬದುಕಿರುವಾಗ ಹೆಂಡತಿ ಒಬ್ಬಳೇ ಹಾಲುಕ್ಕಿಸಿದ ಮನೆಯಲ್ಲಿ ಅವನಿಗೆ ಎಂದೂ ಜಾಗವಿಲ್ಲ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೀರಿನ ಸದ್ದಿನಲ್ಲಿ ಕೇಳಿಸೀತೋ ಇಲ್ಲವೋ ಎಂಬಂತೆ ಕೇಳಿದ:

‘ಉಕ್ತಾ?’

ಇಲ್ಲ ಎಂದರೆ ಸಾಕಿತ್ತು. ನಿಜವೇ ಅದು. ಕರೆಂಟು ಹೋಯಿತು, ಕೂತುಕೊಂಡಿತು, ನಾನು ಕುಡಿದುಬಿಟ್ಟೆ ಎಂದರೆ ಇವನ ಮುಖಕ್ಕೆ ರಕ್ತ ಮರಳುತ್ತಿತ್ತು. ಹಾಗಾದರೆ ಇನ್ನೂ ಏನೂ ಆಗಿಲ್ಲ ಎನ್ನುತ್ತಿದ್ದ. ಬೀಗದಕೈಯನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ನಾಳೆ ಬೆಳಿಗ್ಗೆ ನಂಜನಗೂಡಿನ ಕಿಟಕಿ, ಒಳ್ಳೆಯ ಬಿಸಿಲು, ಕ್ಷಣದಲ್ಲಿ ಒಣಗುವ ರಕ್ತ, ಎರಡು ಗೆರೆ, ಮುಚ್ಚಿಟ್ಟುಕೊಂಡ ಖುಷಿಗಳು. ಸಂಜೆ ಇವನು ಟೀ ಪಾರ್ಸಲ್ ತರುತ್ತಾನೆ. ಮಡಿಕೇರಿ ಈಗಲೂ ಅವಳಿಗೆ ಇಷ್ಟವಾಗಿರಲಿಲ್ಲ. ಆ ಹಸಿ ಹಾಸಿಗೆ, ನೀರಾದ ಉಪ್ಪು, ಬೂಷ್ಟು ಹಿಡಿಯಲಿರುವ ತನ್ನ ಮದುವೆಯ ಸೀರೆ, ಎಲ್ಲವನ್ನೂ ನೆನೆದರೆ ಮೈ ಜುಮ್ಮೆನ್ನುತ್ತಿತ್ತು. ಇಷ್ಟವಾಗುವ ತನಕ ಕಾಯುವುದಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ.

‘ಉಕ್ತು’ ಎಂದಳು.

ಅವನು ತಲೆಯಾಡಿಸಿದ. ಎದ್ದು, ಮಡಿಸಿದ ಲೋಟವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಜೇಬಿಗೇ ಹಾಕಿಕೊಂಡ. ಸ್ಕೂಟರಿನ ಸ್ಟ್ಯಾಂಡು ತೆಗೆದು, ಕೂತು, ಚಾಲೂ ಮಾಡದೆ, ಬೆನ್ನು ತಿರುಗಿಸಿಕೊಂಡೇ ಕೇಳಿದ. ‘ಯಾವ ಕಡೀಕೆ ಉಕ್ತು?’

ಪಲ್ಲವಿ ಬ್ಯಾಗನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಇಲ್ಲಿ ಬಿಸಿಲು ಎಷ್ಟು ನಿಚ್ಚಳವಾಗಿತ್ತೆಂದರೆ, ಪಡುವಣಕ್ಕೆ ಇಳಿದ ಸೂರ್ಯ ಅವರಿಬ್ಬರ ನೆರಳನ್ನೂ ಉದ್ದಕ್ಕೆ ಎಳೆದು ನೇರ ಪೂರ್ವವನ್ನು ತೋರಿಸುತ್ತಿದ್ದ.

‘ಗೊತ್ತಿಲ್ಲ’ ಎಂದಳು. ‘ಅಲ್ಲಿ ಪೂರ್ವ ಯಾವ ಕಡೆ ಅಂತ ಕಾಣಲ್ಲ. ಮೋಡ.’